ಹದಿಮೂರನೇ ಕುಳಿಯ ಚೆಂಡು

ಹಿಗಾಶಿನೆ
ಮೇ 9, 1998

ಚಿಹೊ,

ನಿಮ್ಮ ವಸತಿಗೃಹದ ಫೋನು ನಡುಮನೆಯಲ್ಲಿದೆ, ಮಾತಾಡಿದರೆ ಹುಡುಗಿಯರಿಗೆಲ್ಲ ಕೇಳುತ್ತದೆ ಎಂದು ನೀನೇ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದು ನನಗೆ ಒಗ್ಗದ ಕೆಲಸ. ತಪ್ಪಿದ್ದರೆ ನಗಬೇಡ.

ಕಾರ್ಖಾನೆ ಮುಚ್ಚಿದ ಮೇಲೆ ನಾನು ಹೆದ್ದಾರಿ ಪಕ್ಕದ ಗಾಲ್ಫ್ ಅಭ್ಯಾಸದ ಬಯಲಿನಲ್ಲಿ ಚೆಂಡು ಆರಿಸುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗ ಕೋಲು ಹಿಡಿಯಲು ಕಲಿತ ಬಯಲೇ ಅದು. ಮೊನ್ನೆ ಗೆಳೆಯ ಸುಗೆಯ ನೂಡಲ್ ಅಂಗಡಿಯಲ್ಲಿ ಯಾಜಿಮಾ ಸಾಹೇಬರು ಸಿಕ್ಕರು. ಕಾರ್ಖಾನೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದವರು, ನಿನಗೆ ನೆನಪಿರಬಹುದು. "ತೊಕುಜಿ, ಕೊನೇದಾಗಿ ಒಂದ್ಸಲ ಒಟ್ಟಿಗೆ ಆಡೋಣ ಕಣಯ್ಯ. ನಿನ್ನ ಮಗಳು ಇರೋ ಕ್ಲಬ್ಬಲ್ಲೇ ಆಡೋಣ. ಖರ್ಚು ನಂದು" ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಹೂಂ ಎನ್ನುವುದಕ್ಕೂ ನಾಚಿಕೆಯಾಯಿತು. ಸುಗೆಯೂ ಬರುತ್ತಾನೆ. ಈ ತಿಂಗಳ 28, ಗುರುವಾರ.

ನಿನ್ನ ಅಮ್ಮನಿಗೆ ಹೇಳಿದೆ. "ಆ ಹೋಲ್-ಇನ್-ಒನ್ ವಿಮೆ ಕಟ್ತಾ ಇದೀರಾ?" ಎಂದು ಕೇಳಿದಳು. ಜನವರಿಯಲ್ಲಿ ಪೇಪರ್ ನಿಲ್ಲಿಸಿದಾಗಲೇ ಅದನ್ನೂ ನಿಲ್ಲಿಸಿದೆ ಎಂದೆ.

"ಹಂಗಾದ್ರೆ ಹೋಗ್ಲೇಬೇಡಿ. ಒಂದೇ ಏಟಿಗೆ ಚೆಂಡು ಕುಳಿಗೆ ಬಿದ್ರೆ ಗೊತ್ತಿರೋರಿಗೆಲ್ಲ ಉಡುಗೊರೆ ಹಂಚೋರು ಯಾರು? ಕ್ಲಬ್ಬಿನವರಿಗೆಲ್ಲ ಊಟ ಹಾಕ್ಸೋರು ಯಾರು?"

"ಇಪ್ಪತ್ತೆರಡು ವರ್ಷದಿಂದ ಬೀಳದೇ ಇರೋದು ಈಗ ಬೀಳುತ್ತಾ?"

"ಕೈಯಲ್ಲಿ ಏನೂ ಇಲ್ಲದಾಗ್ಲೇ ಬೀಳೋದು ಅದು" ಎಂದಳು.

ಒಂದು ಮಾತು. ಅವತ್ತು ನಮ್ಮ ಗುಂಪಿಗೆ ನೀನು ಕ್ಯಾಡಿಯಾಗಿ ಬರಬೇಡ. ನನ್ನ ಕೋಲುಗಳ ಚೀಲ ನೀನು ನೋಡಿಕೊಳ್ಳುವುದು ಸರಿಯಾಗುವುದಿಲ್ಲ.

ಅಪ್ಪ


ನಾಸು, ಕ್ಯಾಡಿಗಳ ವಸತಿಗೃಹ
ಮೇ 14

ಅಪ್ಪ,

ನಿಮ್ಮ ಪತ್ರ ಬರುವ ಮೊದಲೇ ಯಾಜಿಮಾ ಸಾಹೇಬರು ಕ್ಲಬ್ಬಿಗೆ ಫೋನು ಮಾಡಿ ನನ್ನನ್ನೇ ಕೇಳಿದ್ದಾರೆ. ನಮ್ಮ ಮೇಲ್ವಿಚಾರಕಿ ಓತಾಕಾ ಅಕ್ಕ ಹಲಗೆಯ ಮೇಲೆ ನನ್ನ ಹೆಸರು ಬರೆದೂ ಆಗಿದೆ. ಇನ್ನು ಬದಲಾಯಿಸಲು ಆಗುವುದಿಲ್ಲ. ಚೀಲಗಳೆಲ್ಲ ಗಾಡಿಯ ಮೇಲಿರುತ್ತವೆ. ನಾನು ಯಾರದ್ದನ್ನೂ ಹೊರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ನಾನು ಚೆನ್ನಾಗಿದ್ದೇನೆ. ಹಗಲು ಅತಿಥಿಗಳ ಜೊತೆ ನಡೆಯುತ್ತೇನೆ. ಅವರೆಲ್ಲ ಹೋದ ಮೇಲೆ ಕತ್ತಲಾಗುವವರೆಗೆ ನನ್ನ ಅಭ್ಯಾಸ. ವೃತ್ತಿ ಆಟಗಾರ್ತಿಯರ ಪರೀಕ್ಷೆ ಆಗಸ್ಟ್ ಕೊನೆಯಲ್ಲಿದೆ. ಈ ವರ್ಷ ಕ್ಲಬ್ಬು ನನಗೆ ಶಿಫಾರಸು ಕೊಡುತ್ತದೆ ಎಂದು ಅಕ್ಕ ಹೇಳಿದ್ದಾರೆ. ನನ್ನ ಕೋಣೆಯ ಕನಾಎಗೆ ಎರಡು ಸಲ ಆ ಪರೀಕ್ಷೆ ಕೊಟ್ಟು ಸಾಕಾಗಿದೆ. ಉತ್ಸುನೊಮಿಯಾದ ಒಂದು ಜಿಮ್ಮಿನಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ನೋಡುತ್ತಿದ್ದಾಳೆ. ಹೋದ ವರ್ಷದ ಇಬ್ಬರು ಸ್ಕೀ ಕಲಿಸಲು ಬೆಟ್ಟಕ್ಕೆ ಹೋದರು. ಇಲ್ಲಿಗೆ ಬಂದವರೆಲ್ಲ ಆಟಗಾರರಾಗುವುದಿಲ್ಲ.

ಅಮ್ಮ ಹೇಳಿದ್ದು ಓದಿ ನಗು ಬಂತು. ಹೋದ ತಿಂಗಳು ಇಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಒಂದೇ ಹೊಡೆತಕ್ಕೆ ಹಾಕಿದರು. ಅವರಿಗೆ ವಿಮೆ ಇತ್ತು. ನಮಗೆಲ್ಲ ಅವರ ಹೆಸರು ಅಚ್ಚಾದ ಟವೆಲು ಸಿಕ್ಕಿತು. ಅದರಲ್ಲೇ ನೆಲ ಒರೆಸುತ್ತಿದ್ದೇವೆ. ವಿಮೆ ಇಲ್ಲದವರು ದೂರ ಕಡಿಮೆ ಇರುವ ಕುಳಿಗಳಲ್ಲಿ ಹೊಡೆಯುವ ಮೊದಲು "ಬೀಳ್ಬೇಡಪ್ಪಾ" ಎಂದು ಚೆಂಡಿಗೆ ಕೈ ಮುಗಿಯುತ್ತಾರೆ.

ನಿಧಾನವಾಗಿ ಬನ್ನಿ.

ಚಿಹೊ


ನಾಸು
ಜೂನ್ 2

ಅಪ್ಪ,

ಸುಖವಾಗಿ ಮನೆ ಸೇರಿದಿರಿ ಎಂದುಕೊಂಡಿದ್ದೇನೆ. ಅವತ್ತು ನಿಮ್ಮ ಆಟ ಚೆನ್ನಾಗಿತ್ತು. ಹದಿಮೂರನೇ ಕುಳಿಯಲ್ಲಿ ಅಷ್ಟು ಹತ್ತಿರ ಬಂದಿತ್ತು ಎಂದು ಸುಗೆ ಮಾವ ಗಾಡಿಯಲ್ಲಿ ಹೇಳುತ್ತಲೇ ಇದ್ದರು.

ಇಲ್ಲಿ ಮಳೆ ಶುರುವಾಗಿದೆ. ಕೆಲಸ ಬಹಳ ಇದೆ. ಇನ್ನೇನು ಬರೆಯಲಿ ತಿಳಿಯುತ್ತಿಲ್ಲ.

ಚಿಹೊ


ಹಿಗಾಶಿನೆ
ಜೂನ್ 20

ಚಿಹೊ,

ನಿನ್ನ ಪತ್ರ ಮೂರು ಸಲ ಓದಿದೆ. ಅದರಲ್ಲಿ ಏನೂ ಇಲ್ಲ. ಇಲ್ಲದಿರುವುದು ಏನು ಎಂದು ನನಗೆ ಗೊತ್ತು.

ಹದಿಮೂರರಲ್ಲಿ ನಾವು ಮೂವರೂ ಕೆಳಗಿದ್ದೆವು. ದಿಬ್ಬದ ಆಚೆಗಿರುವ ಕುಳಿ ಕಾಣುವುದಿಲ್ಲ, ಅದರೊಳಗೆ ನೆಟ್ಟ ಬಾವುಟದ ತುದಿ ಮಾತ್ರ ಕಾಣುತ್ತದೆ. ಚೆಂಡು ಎಲ್ಲಿ ಬೀಳುತ್ತದೆ ನೋಡಲು ನೀನು ಮುಂದೆ ಹೋಗಿದ್ದೆ. ನಾನು ಹೊಡೆದೆ. ಚೆಂಡು ದಿಬ್ಬ ದಾಟಿತು. ಸಾಹೇಬರು ಚೀಲದೊಳಗೆ ಏನೋ ಹುಡುಕುತ್ತಿದ್ದರು. ಸುಗೆ ಸಿಗರೇಟು ಹಚ್ಚುತ್ತಿದ್ದ. ನಾನೊಬ್ಬನೇ ಬಾವುಟ ನೋಡುತ್ತಿದ್ದೆ. ಅದು ಒಂದು ಕಡೆ ವಾಲಿತು, ಮತ್ತೆ ನೆಟ್ಟಗಾಯಿತು. ಗಾಳಿಗೆ ಬಟ್ಟೆ ಅಲುಗುತ್ತದೆ, ಕೋಲು ವಾಲುವುದಿಲ್ಲ. ಯಾರಾದರೂ ಕುಳಿಯೊಳಗೆ ಕೈ ಹಾಕಿದರೆ ಮಾತ್ರ ವಾಲುತ್ತದೆ.

ಆಮೇಲೆ ನೀನು "ಹತ್ತಿರ! ಬಹಳ ಹತ್ತಿರ!" ಎಂದು ಕೂಗಿದೆ.

ನಾವು ಮೇಲೆ ಬಂದಾಗ ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿತ್ತು. ಸಾಹೇಬರು "ಅಯ್ಯೋ ತೊಕುಜಿ, ಒಂದು ಗೇಣಲ್ಲಿ ಬಚಾವಾದೆ ಬಿಡು!" ಎಂದು ಬೆನ್ನು ತಟ್ಟಿದರು. ನಾನು ನಗುತ್ತಾ ಅದನ್ನು ಒಳಗೆ ತಳ್ಳಿದೆ. ಎರಡು ಹೊಡೆತ ಎಂದು ನೀನು ಬರೆದುಕೊಂಡೆ. ನಿನ್ನ ತಲೆ ಬಗ್ಗಿತ್ತು.

ನಿನ್ನನ್ನು ಬೈಯಲು ಬರೆಯುತ್ತಿಲ್ಲ ಮಗಳೇ. ನನ್ನ ನಾಚಿಕೆ ಬೇರೆಯದು. ನೀನು "ಹತ್ತಿರ" ಎಂದು ಕೂಗಿದಾಗ ನನಗೆ ಉಸಿರು ಬಂತು. ಬಾವುಟ ವಾಲಿದ್ದು ನೋಡಿದವನು ಓಡಿ ಬಂದು ಕೇಳಬೇಕಿತ್ತು. ನಾನು ನಿಂತಲ್ಲೇ ನಿಂತೆ, ಸದ್ಯ, ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದುಕೊಂಡೆ. ಬದುಕಿನಲ್ಲಿ ಒಂದೇ ಒಂದು ಸಲ ಬಂದದ್ದನ್ನು ಬರದಿದ್ದರೆ ಸಾಕು ಎಂದುಕೊಂಡವನು ನಾನು. ವಾಪಸು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ನಿನಗೆ ಕೈ ಮುಗಿಯುತ್ತಿದ್ದೆ. ಅದನ್ನು ನೆನೆದರೆ ಈಗ ಮುಖ ಎತ್ತಲಾಗುವುದಿಲ್ಲ.

ಅಮ್ಮ ಚೆರಿ ಹಣ್ಣು ತುಂಬುವ ಕೆಲಸಕ್ಕೆ ಹೋಗುತ್ತಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ.

ಅಪ್ಪ


ನಾಸು
ಜುಲೈ 11

ಅಪ್ಪ,

ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ನೀವು ಕೈ ಮುಗಿದೆ ಎಂದು ಬರೆದದ್ದೇ ನನ್ನನ್ನು ತಿಂದು ಹಾಕಿತು.

ನಾನು ನಿಮ್ಮನ್ನು ಉಳಿಸಲು ಹಾಗೆ ಮಾಡಲಿಲ್ಲ. ವಿಮೆ ಇಲ್ಲ ಎಂಬುದು ನನಗೆ ಗೊತ್ತಿತ್ತು, ನಿಜ. ಅದು ಆಮೇಲೆ ನಾನು ನನಗೇ ಹೇಳಿಕೊಂಡ ಮಾತು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಸಾಹೇಬರೂ ಸುಗೆ ಮಾವನೂ ಕ್ಲಬ್ಬಿನ ಊಟದ ಮನೆಗೆ ಹೋದರು. ಊಟದ ಖರ್ಚೂ ಸಾಹೇಬರ ಮೇಲೆ ಬೀಳಬಾರದೆಂದೇನೋ, ನೀವು ಹೊಟ್ಟೆ ಸರಿಯಿಲ್ಲ ಎಂದಿರಿ. ಗಾಡಿ ಶೆಡ್ಡಿನ ಹಿಂದೆ ಕೂತು ಅಮ್ಮ ಕಟ್ಟಿಕೊಟ್ಟ ಅನ್ನದ ಉಂಡೆ ತಿಂದಿರಿ. ಕನಾಎ ಅದನ್ನು ನೋಡಿ ಕ್ಯಾಡಿಗಳು ಕೂರುವ ಕೋಣೆಗೆ ಓಡಿ ಬಂದಳು. "ಬನ್ರೇ, ಯಾರೋ ಬಡಪಾಯಿ ಶೆಡ್ ಹಿಂದೆ ಕದ್ದು ಬುತ್ತಿ ತಿಂತಾ ಇದಾನೆ! ಯಾರ ಗುಂಪಿನೋನೇ ಅವನು?" ಎಂದು ನಕ್ಕಳು. ಎಲ್ಲರೂ ಕಿಟಕಿಯಲ್ಲಿ ಇಣುಕಿದರು. ನಾನೂ ಇಣುಕಿದೆ. ನೀವು ಬೆರಳಿಗೆ ಅಂಟಿದ ಅಗುಳು ತಿನ್ನುತ್ತಿದ್ದಿರಿ.

"ಯಾರೋ ಏನೋ" ಎಂದೆ ನಾನು.

ಇಷ್ಟೇ ಅಲ್ಲ. ನಾನೂ ನಕ್ಕೆ ಅಪ್ಪ.

ಅದಾದ ಮೇಲೆ ಹದಿಮೂರಕ್ಕೆ ಬಂದೆವು. ಚೆಂಡು ಬಿತ್ತು. ಕ್ಯಾಡಿ ತಕ್ಷಣ ಕೂಗಬೇಕು. ಕೂಗಿದರೆ ಮಿಕ್ಕ ಗುಂಪಿನವರೆಲ್ಲ ಕೈ ತಟ್ಟುತ್ತಾರೆ. ಕಚೇರಿಯ ಗೋಡೆಗೆ ಹೊಸೋಯಾ ತೊಕುಜಿ ಎಂದು ಹೆಸರು ಹಾಕುತ್ತಾರೆ. ನನ್ನ ಮನೆಹೆಸರೂ ಹೊಸೋಯಾ. ಕನಾಎ ಅದನ್ನು ಓದುತ್ತಾಳೆ. ಆಮೇಲೆ ಎಲ್ಲರೂ ಉಡುಗೊರೆಗೆ ಕಾಯುತ್ತಾರೆ, ಅದು ಬರುವುದಿಲ್ಲ. ಇಷ್ಟೂ ಒಂದೇ ಗಳಿಗೆಯಲ್ಲಿ ನನ್ನ ತಲೆಗೆ ಬಂತು. ಕೈ ಕುಳಿಯೊಳಗೆ ಹೋಗಿತ್ತು.

ಇಲ್ಲಿಗೆ ಬಂದ ಮೊದಲ ದಿನ ಓತಾಕಾ ಅಕ್ಕ ಹೇಳಿದ್ದರು: "ಆಟಗಾರರ ಚೆಂಡು ಅಂದ್ರೆ ಹಾವು ಅಂದ್ಕೊಳ್ರೇ. ನೋಡಿ, ತೋರ್ಸಿ, ಮುಟ್ಟಬೇಡಿ." ನಾನು ಮುಟ್ಟಿದೆ. ಪರೀಕ್ಷೆಯಲ್ಲಿ ನಮ್ಮ ನಮ್ಮ ಹೊಡೆತದ ಲೆಕ್ಕ ನಾವೇ ಹೇಳಬೇಕು, ಹೇಳಿದ್ದನ್ನು ಎಲ್ಲರೂ ನಂಬುತ್ತಾರೆ. ಯಾವ ಮುಖ ಹೊತ್ತು ಅಲ್ಲಿ ನಿಲ್ಲಲಿ? ಜಿಮ್ಮಿನಲ್ಲಿ ಇನ್ನೊಬ್ಬಳು ಬೇಕಂತೆ. "ನೀನೂ ಬಾರೇ, ಅಲ್ಲಿ ಚೆಂಡೇ ಇಲ್ಲ, ಸುಖ" ಎನ್ನುತ್ತಾಳೆ ಕನಾಎ. ಹೋಗಿಬಿಡೋಣ ಎನಿಸುತ್ತಿದೆ.

ಈ ಪತ್ರ ಅಮ್ಮನಿಗೆ ತೋರಿಸಬೇಡಿ.

ಚಿಹೊ


ಹಿಗಾಶಿನೆ
ಜುಲೈ 30

ಚಿಹೊ,

ಶೆಡ್ಡಿನ ವಿಷಯ ಓದಿದೆ. ನಾನೂ ನಿನ್ನ ವಯಸ್ಸಿನಲ್ಲಿ ನನ್ನ ಅಪ್ಪನನ್ನು ರೈಲು ನಿಲ್ದಾಣದಲ್ಲಿ ನೋಡಿಯೂ ನೋಡದವನಂತೆ ಹೋಗಿದ್ದೇನೆ. ಇದರ ಬಗ್ಗೆ ಇನ್ನು ಬರೆಯುವುದು ಬೇಡ.

ನಾನು ಮಾಡಿದ್ದನ್ನು ಕೇಳು. ನಿನ್ನ ಪತ್ರ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿಜ ಹೇಳಿಬಿಡೋಣ ಎಂದು ಸುಗೆಯ ಅಂಗಡಿಗೆ ಹೋದೆ. ಸಾಹೇಬರೂ ಇದ್ದರು. "ಅವತ್ತು ಹದಿಮೂರರಲ್ಲಿ ನನ್ನ ಚೆಂಡು ಒಳಗೆ ಬಿದ್ದಿತ್ತು" ಎಂದೆ.

ಸುಗೆ ನಕ್ಕು ನಕ್ಕು ಕೆಮ್ಮಿದ. "ಎರಡು ತಿಂಗಳಾದ್ಮೇಲೆ ಬಿತ್ತಾ? ಅಷ್ಟು ನಿಧಾನವಾಗಿ ಉರುಳ್ತಾ ಮಾರಾಯ?"

"ತಮಾಷೆಯಲ್ಲ" ಎಂದೆ.

ಸಾಹೇಬರು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ತೊಕುಜಿ, ಕೆಲಸ ಹೋದ್ರೆ ಮನುಷ್ಯ ಒಂಥರಾ ಆಗ್ತಾನೆ, ನಂಗೂ ಗೊತ್ತು. ಆದ್ರೂ ಇಂಥದ್ದೆಲ್ಲ ಹೇಳ್ಕೊಂಡು ತಿರುಗಬೇಡ. ಸಾಕ್ಷಿ ಯಾರಯ್ಯ? ನಿನ್ನ ಮಗಳು ತಾನೆ? ಬಿದ್ದಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ ಅವಳು?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ಪರೀಕ್ಷೆ ಹೋಗುತ್ತದೆ. ಅಂಗಡಿಯ ತುಂಬ ಜನ. ನಾನು ನಕ್ಕುಬಿಟ್ಟೆ. "ಸುಮ್ನೆ ತಮಾಷೆ ಮಾಡ್ದೆ ಸಾಹೇಬ್ರೇ" ಎಂದೆ. ಸಾಹೇಬರು ನನ್ನ ಲೋಟಕ್ಕೆ ತಾವೇ ಬಿಯರು ಸುರಿದರು, ಕಾಯಿಲೆಯವನಿಗೆ ಕೊಡುವ ಹಾಗೆ.

ಮನೆಗೆ ಬರುವಷ್ಟರಲ್ಲಿ ಸುಗೆಯ ಹೆಂಡತಿ ನಿನ್ನ ಅಮ್ಮನಿಗೆ ಫೋನು ಮಾಡಿಯಾಗಿತ್ತು. ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. ಎಲ್ಲ ಹೇಳಿದೆ. ನಿನ್ನ ಪತ್ರವನ್ನೂ ಓದಿದಳು, ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಓದಿ ಮಡಚಿ ನನ್ನ ಕೈಗೇ ಕೊಟ್ಟಳು. ಆಮೇಲೆ, "ಬಿದ್ದಿದ್ದಕ್ಕೆ ನಂಗೇನೂ ಇಲ್ಲ. ಬಿದ್ದಿದ್ದನ್ನ ತಮಾಷೆ ಅಂದ್ರಲ್ಲ, ಅದಕ್ಕೆ ನಿಮ್ಗೆ ಇವತ್ತು ಊಟ ಹಾಕೋಕೆ ಮನಸ್ಸಿಲ್ಲ" ಎಂದಳು. ಆದರೂ ಹಾಕಿದಳು.

ನೀನು ಯಾರಿಗೂ ಏನೂ ಹೇಳಬೇಡ. ಪರೀಕ್ಷೆಗೆ ಹೋಗು. ಊರಿನಲ್ಲಿ ನಾನು ಸುಳ್ಳುಗಾರ ಎನಿಸಿಕೊಂಡರೆ ಏನೂ ಹೋಗುವುದಿಲ್ಲ, ನನ್ನ ಚೆಂಡು ಆರಿಸುವ ಕೆಲಸವಂತೂ ಹೋಗುವುದಿಲ್ಲ.

ಅಪ್ಪ


ನಾಸು
ಆಗಸ್ಟ್ 19

ಅಪ್ಪ,

ನಿಮ್ಮ ಮಾತು ಮೀರಿದ್ದೇನೆ. ಓತಾಕಾ ಅಕ್ಕನಿಗೆ ಹೇಳಿದೆ.

ಅಕ್ಕ ಅಂಕ ಬರೆಯುವ ಮೋಟು ಪೆನ್ಸಿಲುಗಳನ್ನು ಚೂಪು ಮಾಡುತ್ತಾ ಕೂತಿದ್ದರು. ನಾನು ಎದುರು ನಿಂತು ಹೇಳಿ ಮುಗಿಸಿದೆ. ಅವರು ತಲೆ ಎತ್ತಲಿಲ್ಲ.

"ಚೆಂಡು ಎತ್ತಿದ್ಯಾ?"

"ಎತ್ತಿದೆ."

"ಯಾಕೆ?"

"ಅಪ್ಪನ ಹತ್ರ ವಿಮೆ ಇರ್ಲಿಲ್ಲ."

"ನಿಮ್ಮಪ್ಪ ಎತ್ತು ಅಂದ್ರಾ?"

"ಇಲ್ಲ."

"ಮತ್ತೆ ಅವರ ಮೇಲೆ ಯಾಕೆ ಹಾಕ್ತೀಯ? ನಿನ್ನ ಕೈ ತಾನೆ ಹೋಗಿದ್ದು?"

ಆಗ ಶೆಡ್ಡಿನ ಹಿಂದಿನ ವಿಷಯವನ್ನೂ ಹೇಳಿದೆ. ಹೇಳುವಾಗ ಕನಾಎ ಒಳಗೆ ಬಂದಳು, ಟೀ ತಟ್ಟೆ ಹಿಡಿದುಕೊಂಡು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಆ ಕಿಟಕಿಯ ಹತ್ತಿರವೇ ನಿಂತಂತಾಗುತ್ತಿತ್ತು. ಕನಾಎ ತಟ್ಟೆ ಇಟ್ಟು ಹೊರಗೆ ಹೋದಳು. ಸಂಜೆ ಬಂದು, "ಅವತ್ತೇ ಹೇಳಿದ್ರೆ ನಾನು ಹೋಗಿ ಟೀ ಕೊಟ್ಟು ಬರ್ತಿದ್ನಲ್ಲೇ, ಕತ್ತೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಅಕ್ಕ ಮ್ಯಾನೇಜರಿಗೆ ತಿಳಿಸಿದರು. ತಿಳಿಸದೇ ಇರಲು ತನಗೆ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಈ ವರ್ಷದ ಶಿಫಾರಸು ಹೋಯಿತು. ಮುಂದಿನ ವಸಂತದವರೆಗೆ ಯಾವ ಗುಂಪಿನ ಜೊತೆಗೂ ಹೋಗುವ ಹಾಗಿಲ್ಲ. ಹುಲ್ಲು ನೋಡಿಕೊಳ್ಳುವವರ ಜೊತೆ ಇರಬೇಕು. ಇರುವುದಾದರೆ ಇರು, ಹೋಗುವುದಾದರೆ ಹೋಗು ಎಂದರು ಮ್ಯಾನೇಜರು. ಇರುತ್ತೇನೆ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಜಿಮ್ಮಿಗೆ ಹೋಗಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಅದಕ್ಕೇ ಇರಬೇಕು.

ಆಮೇಲೆ ಅಕ್ಕ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಯಾಜಿಮಾ ಸಾಹೇಬರಿಗೆ ಫೋನು ಮಾಡಿದರು. ನಮ್ಮ ಕ್ಯಾಡಿಯಿಂದ ತಪ್ಪಾಯಿತು ಎಂದು ಫೋನಿಗೇ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಅವರು ಹಾಗೆ ಬಗ್ಗಿದ್ದು ನನ್ನಿಂದ. ಕೊನೆಗೆ ಹೇಳಿದರು: "ಚೆಂಡು ಕುಳಿಗೆ ಬಿದ್ದ ಮೇಲೆ ಆ ಕುಳಿಯ ಆಟ ಮುಗೀತು ಸಾರ್. ಆಮೇಲೆ ಯಾರು ಎತ್ತಿದ್ರೂ ಲೆಕ್ಕಕ್ಕಿಲ್ಲ. ಹೊಸೋಯಾ ಅವರದ್ದು ಒಂದೇ ಹೊಡೆತ."

ಸಾಹೇಬರು ಏನೆಂದರೋ ನನಗೆ ಕೇಳಿಸಲಿಲ್ಲ. ಅಕ್ಕನೂ ಹೇಳಲಿಲ್ಲ.

ಚಿಹೊ


ಹಿಗಾಶಿನೆ
ಸೆಪ್ಟೆಂಬರ್ 6

ಚಿಹೊ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ನಾಲ್ಕು ವರ್ಷ ನೀನು ಪಟ್ಟ ಪಾಡು ನನ್ನ ಒಂದು ಚೆಂಡಿಗೆ ಹೋಯಿತಲ್ಲ ಎಂದು. ಅಮ್ಮ ಅಂದಳು, "ಚೆಂಡಿಗೆ ಹೋಗಿಲ್ಲ. ಅವಳೇ ಅದನ್ನ ಕೊಟ್ಟು ತನ್ನನ್ನ ಬಿಡಿಸ್ಕೊಂಡಿದ್ದು. ಸುಮ್ನಿರಿ."

ಅಕ್ಕನವರ ಫೋನಿನ ಮರುದಿನ ಯಾಜಿಮಾ ಸಾಹೇಬರು ಮನೆಗೆ ಬಂದರು. ಆ ಸೆಕೆಯಲ್ಲಿ ಕೋಟು ಹಾಕಿಕೊಂಡಿದ್ದರು. ಬಾಗಿಲಲ್ಲಿ ನಿಂತು ತಲೆ ಬಗ್ಗಿಸಿದರು. ಇಪ್ಪತ್ತೆರಡು ವರ್ಷ ನಾನು ಅವರ ಮುಂದೆ ತಲೆ ಬಗ್ಗಿಸಿದ್ದೆಲ್ಲ ನೆನಪಾಯಿತು. ಅವರದ್ದನ್ನು ನೋಡಲಾಗದೆ ನಾನೂ ಬಗ್ಗಿದೆ. ಇಬ್ಬರೂ ಹಾಗೇ ಇದ್ದೆವು. ಅಮ್ಮ ಬಂದು "ಒಳಗೆ ಬರ್ತೀರೋ, ಅಲ್ಲೇ ಬಿದ್ದೋಗಿರೋ ಕಾಸು ಹುಡುಕ್ತಾ ಇದೀರೋ?" ಎಂದಳು.

ನಿನ್ನೆ ಸುಗೆಯ ಅಂಗಡಿಯಲ್ಲಿ ಸೇರಿದೆವು, ಅಮ್ಮನೂ ಬಂದಿದ್ದಳು. ಒಂದೇ ಹೊಡೆತಕ್ಕೆ ಹಾಕಿದವನು ಕೊಡಬೇಕು, ಅದು ವಾಡಿಕೆ. ನನ್ನ ಹತ್ತಿರ ಕೊಡಲು ಏನಿದೆ? ಅಮ್ಮ ಹಾಕಿದ ಬದನೆಕಾಯಿ ಉಪ್ಪಿನಕಾಯಿ ಕಟ್ಟಿಕೊಂಡು ಹೋದೆ. ಎಲ್ಲರೂ ನಗುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಯಾರೂ ನಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡರು. ಅದನ್ನು ತಡೆದುಕೊಳ್ಳುವುದು ನನಗೆ ಕಷ್ಟವಾಯಿತು. ಕೊನೆಗೆ ಸುಗೆಯೇ "ಉಪ್ಪು ಜಾಸ್ತಿಯಾಗಿದೆ ಕಣೋ" ಎಂದು ನನ್ನನ್ನು ಉಳಿಸಿದ. "ಹಂಗಾದ್ರೆ ವಾಪಸ್ ಕೊಡು ಇಲ್ಲಿ!" ಎಂದಳು ನಿನ್ನ ಅಮ್ಮ. ಆಗ ನಗು ಬಂತು.

ಆಮೇಲೆ ಸಾಹೇಬರು ಕೇಳಿದರು, "ಹೇಳಯ್ಯ ಈಗ. ಹೆಂಗೆ ಬಿತ್ತು?"

ನಾನು ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ದಿಬ್ಬ ದಾಟಿದ ಮೇಲೆ ನಾನು ನೋಡಿಲ್ಲ. ಯಾರೂ ನೋಡಿಲ್ಲ. ಇಡೀ ಭೂಮಿಯ ಮೇಲೆ ನೋಡಿದವಳು ನೀನೊಬ್ಬಳು. ನಿನ್ನ ಪತ್ರಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ನೀನು ಎತ್ತಿದ್ದು ಬರೆದಿದ್ದೀಯ. ನಕ್ಕಿದ್ದು ಬರೆದಿದ್ದೀಯ. ಕ್ಷಮೆ ಕೇಳಿದ್ದು ಬರೆದಿದ್ದೀಯ. ಚೆಂಡು ಹೇಗೆ ಹೋಯಿತು ಎಂದು ಒಂದು ಸಾಲೂ ಇಲ್ಲ.

ಅದನ್ನು ಬರೆ.

ಅಪ್ಪ


ನಾಸು
ಸೆಪ್ಟೆಂಬರ್ 13

ಅಪ್ಪ,

ಇವತ್ತು ಬೆಳಗ್ಗೆ ಹದಿಮೂರರಲ್ಲಿ ಹುಲ್ಲು ಕಿತ್ತುಹೋದ ಜಾಗಗಳಿಗೆ ಮರಳು ತುಂಬುವ ಕೆಲಸವಿತ್ತು. ಕೆಲಸ ಮುಗಿದ ಮೇಲೆ ಅವತ್ತು ನಿಂತಿದ್ದ ಜಾಗದಲ್ಲೇ ಸ್ವಲ್ಪ ಹೊತ್ತು ನಿಂತು ಬಂದು ಬರೆಯುತ್ತಿದ್ದೇನೆ.

ನಿಮ್ಮ ಚೆಂಡು ದಿಬ್ಬದ ಮೇಲೆ ಬಂದಾಗ ತುಂಬ ಎಡಕ್ಕಿತ್ತು. ಮರಳಿನ ಹೊಂಡಕ್ಕೆ ಹೋಯಿತು ಎಂದುಕೊಂಡೆ. ಹೊಂಡದ ಅಂಚಿಗೆ ಒಂದು ಮೊಳ ಈಚೆ ಬಿತ್ತು. ಒಂದು ಸಲ ಪುಟಿಯಿತು, ಎತ್ತರಕ್ಕಲ್ಲ. ಅಲ್ಲಿ ನೆಲ ಬಲಕ್ಕೆ ಇಳಿಜಾರು. ಚೆಂಡು ನಿಂತೇಹೋಯಿತು ಎನ್ನುವಷ್ಟು ನಿಧಾನವಾಯಿತು. ಆಮೇಲೆ ನಿಧಾನವಾಗಿ ಮುಖ ತಿರುಗಿಸಿತು.

ಸಾಹೇಬರ ಚೆಂಡು ದಾರಿಯಲ್ಲೇ ಇತ್ತು. ಅದರ ಪಕ್ಕದಲ್ಲಿ ತಾಗದ ಹಾಗೆ ಹಾದು ಬಂತು. ಹಿಂದಿನ ದಿನ ಮಳೆ ಬಂದಿದ್ದರಿಂದ ಹುಲ್ಲಿನ ಮೇಲೆ ಅದು ಬಂದ ದಾರಿ ಗೆರೆಯ ಹಾಗೆ ಕಾಣುತ್ತಿತ್ತು. ಕೊನೆಯ ಎರಡು ಮಾರು ದೂರದಲ್ಲಿ ಇನ್ನು ಬರಲಾರದು ಎನಿಸಿತು. ನಾನು "ಬಾ, ಬಾ" ಎಂದೆ. ಜೋರಾಗಿ ಅಲ್ಲ, ನಡೆಯಲು ಕಲಿಯುವ ಮಗುವನ್ನು ಕರೆಯುವ ಹಾಗೆ. ಅದು ಬಂತು. ಕುಳಿಯ ಅಂಚಿನಲ್ಲಿ ಒಂದು ಸಲ ನಿಂತು, ಬಾವುಟದ ಕೋಲಿಗೆ ಒರಗಿ, ಒಳಗೆ ಹೋಯಿತು. ಸದ್ದು ಬಹಳ ಸಣ್ಣದು.

ನಾಚಿಕೆ ಆಮೇಲೆ ಬಂತು ಅಪ್ಪ. ಬಿದ್ದಾಗ ಅದು ಇನ್ನೂ ಬಂದಿರಲಿಲ್ಲ. ಬಿದ್ದಾಗ ನಾನು ನಗುತ್ತಿದ್ದೆ. ನನ್ನ ಎರಡು ಕೈಗಳೂ ಮೇಲಿದ್ದವು. ದಿಬ್ಬದ ಕೆಳಗಿದ್ದ ನಿಮಗೆ ಅದು ಕಾಣಲಿಲ್ಲ.

ನಿಮ್ಮ ಮಗಳು
ಚಿಹೊ